ತಾತನ ಕಂಬಳಿ ಹೊದ್ದ ದೆವ್ವ

ಆಗೆಲ್ಲ ನಮ್ಮ ಕಡೆ ಮಧ್ಯಾಹ್ನ ಎನ್ನುವುದೊಂದಿತ್ತು. ಈಗಲೂ ಇದೆಯಲ್ಲ ಎನ್ನುವವರು ಗಡಿಯಾರ ನೋಡಿ ಹೇಳುತ್ತಾರೆ. ನಾನು ಹೇಳುತ್ತಿರುವುದು ಆ ಮಧ್ಯಾಹ್ನವಲ್ಲ. ನೆರಳು ಅಂಗಾಲಿನ ಕೆಳಗೆ ಅವಿತುಕೊಂಡು, ಕೋಳಿಗಳು ಬೇಲಿಯ ಬುಡದಲ್ಲಿ ಕಣ್ಣು ಮುಚ್ಚಿ ಕೂತು, ಇಡೀ ಹಟ್ಟಿಯಲ್ಲಿ ಒಂದು ತಪ್ಪಲೆಯೂ ಸದ್ದು ಮಾಡದೆ ನಿಲ್ಲುವ ಹೊತ್ತು. ಬೇರೆ ಊರುಗಳಲ್ಲಿ ದೆವ್ವಗಳು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದವಂತೆ. ನಮ್ಮಲ್ಲಿ ರಾತ್ರಿ ನಾಯಿಗಳಿದ್ದವು, ಎಚ್ಚರವಾಗಿರುವ ಗಂಡಸರಿದ್ದರು. ಮಧ್ಯಾಹ್ನ ಎಲ್ಲರೂ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದರು. ಹೀಗಾಗಿ ನಮ್ಮ ದೆವ್ವಗಳು ಹಗಲು ಪಾಳಿ ಆರಿಸಿಕೊಂಡಿದ್ದವು. ಅವುಗಳ ವಿವೇಚನೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಪಾಲಕೋಡಿನ ರಸ್ತೆಯಲ್ಲಿ ಬಸ್ಸಿಳಿದು, ಮಾವಿನ ತೋಪು ದಾಟಿ ಒಳಕ್ಕೆ ನಡೆದರೆ ನಮ್ಮ ಹಟ್ಟಿ. ಬೆರಳೆಣಿಕೆಯ ಮನೆಗಳು, ಮನೆಗೊಂದು ರೊಪ್ಪ, ಎಂದರೆ ಕುರಿ ಕೂಡುವ ಮುಳ್ಳುಬೇಲಿಯ ಆವರಣ. ಸ್ಕೂಲಿನಲ್ಲಿ, ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ ತಮಿಳು. ಮನೆಯಲ್ಲಿ, ದೇವರ ಮುಂದೆ, ಕುರಿಯ ಹಿಂದೆ ಕನ್ನಡ. ನಮ್ಮ ಕುರಿಗಳಿಗೆ ತಮಿಳು ಬರುತ್ತಿರಲಿಲ್ಲ. ಸತ್ತವರಿಗೂ ಬರುವುದಿಲ್ಲ ಎಂಬುದು ಅಜ್ಜಿಯ ಅಭಿಪ್ರಾಯ. ಬದುಕಿದ್ದಾಗ ಸಂತೆಯಲ್ಲಿ ಸೊಗಸಾಗಿ ತಮಿಳಿನಲ್ಲಿ ಜಗಳವಾಡಿದವರೂ ಸತ್ತ ಕ್ಷಣದಿಂದ ಅದನ್ನು ಮರೆತುಬಿಡುತ್ತಾರೆಂದು ಅವಳು ನಂಬಿದ್ದಳು.

ತಾತ ಸತ್ತದ್ದು ಚಳಿಗಾಲದಲ್ಲಿ, ರೊಪ್ಪದ ಬಾಗಿಲಲ್ಲಿ ಕೂತಲ್ಲೇ. ಸಾವಿನ ಕೆಲಸಗಳೆಲ್ಲ ಕ್ರಮವಾಗಿ ನಡೆದವು. ಒಂದು ಮಾತ್ರ ಬಾಕಿ ಉಳಿಯಿತು: ಕಂಬಳಿ ಕಳಿಸುವುದು.

ನಮ್ಮಲ್ಲಿ ಕುರಿ ಕಾಯ್ದವನು ಸತ್ತರೆ ಅವನ ಕರಿ ಕಂಬಳಿಯನ್ನು ಸುಡುವಂತಿಲ್ಲ, ಹೂಳುವಂತಿಲ್ಲ, ಸಂಬಂಧಿಕರು ಹೊದೆಯುವಂತೆಯೂ ಇಲ್ಲ. ಹೊರಗಿನಿಂದ ನಡೆದುಬಂದ ಯಾರಿಗಾದರೂ ಅದನ್ನು ಕೊಡಬೇಕು. ಅವನು ಅದನ್ನು ಕೊಪ್ಪೆ ಹಾಕಿಕೊಂಡು, ಅಂದರೆ ನೆತ್ತಿಯ ಮೇಲಿಂದ ಬೆನ್ನಿಗೆ ಇಳಿಬಿಟ್ಟುಕೊಂಡು, ಹಟ್ಟಿಯ ಎಲ್ಲೆಗಲ್ಲು ದಾಟಿ ಹೋಗಬೇಕು. ತಿರುಗಿ ನೋಡಬಾರದು. ಕಂಬಳಿಯ ಜೊತೆಗೆ ಸತ್ತವನೂ ಹೊರಟುಹೋಗುತ್ತಾನೆ. ಹೊದ್ದವನು ತಿರುಗಿ ನೋಡಿದನೋ, ಸತ್ತವನು ಇಳಿದು ಬಂದು ಮತ್ತೆ ಕುರಿಗಳ ನಡುವೆ ನಿಲ್ಲುತ್ತಾನೆ.

ಹಿಂದೆ ಇದಕ್ಕೆ ಜನರ ಬರವಿರಲಿಲ್ಲವಂತೆ. ಬೀಸುಕಲ್ಲಿಗೆ ಹಲ್ಲು ಹಾಕುವವರು, ಗಿಳಿಶಾಸ್ತ್ರದವರು, ಬಳೆಗಾರರು, ಯಾರಾದರೊಬ್ಬರು ನಡೆದು ಬರುತ್ತಿದ್ದರು. ನನ್ನ ಕಾಲಕ್ಕೆ ಎಲ್ಲರೂ ಮೊಪೆಡ್ಡಿನ ಮೇಲೆ ಬರುತ್ತಿದ್ದರು. ಪ್ಲಾಸ್ಟಿಕ್ ಕೊಡ ಮಾರುವವನೊಬ್ಬ ಕಂಬಳಿ ತೆಗೆದುಕೊಳ್ಳಲು ಸಂತೋಷದಿಂದ ಒಪ್ಪಿದ. ಅಜ್ಜಿ ಅವನನ್ನೂ ಅವನ ವಾಹನವನ್ನೂ ಬಹಳ ಹೊತ್ತು ಪರಿಶೀಲಿಸಿ, ಬೇಡವೆಂದಳು.

"ಯಾಕವ್ವಾ? ಅಂವ ಹೊರಗಿನೋನೇ ಅಲ್ವಾ?" ಎಂದು ಚಿಕ್ಕಪ್ಪ ಕೇಳಿದ.

"ಗಾಡೀಲಿ ಕನ್ನಡಿ ಐತೆ. ತಿರುಗ್ದೇನೇ ಹಿಂದಕ್ ನೋಡ್ತಾನೆ."

ಈ ತೀರ್ಪಿನ ಮೇಲೆ ಅಪೀಲು ಇರಲಿಲ್ಲ. ಕಂಬಳಿ ನಡುಮನೆಯ ಗೂಟದಲ್ಲೇ ಉಳಿಯಿತು. ಹುಣಸೆಬೀಜದ ಗಂಜಿ ಹಾಕಿ ನೇಯ್ದ ಒರಟು ಕಂಬಳಿ. ಹೊಗೆ, ಉಣ್ಣೆಯ ಜಿಡ್ಡು, ಬೀಡಿ ಮತ್ತು ತಾತ ಸೇರಿ ಆಗಿದ್ದ ಒಂದು ವಾಸನೆ. ಬಾಗಿಲು ತೆರೆದರೆ ಆ ವಾಸನೆ ನಮಗಿಂತ ಮೊದಲು ಎದ್ದು ಬರುತ್ತಿತ್ತು.

ತಾತ ಹೋಗಿಲ್ಲವೆಂಬುದಕ್ಕೆ ಸಾಕ್ಷಿ ಕುರಿಗಳು. ಬಿಸಿಲೇರಿದಾಗ ಕುರಿಗಳು ಮರದ ಕೆಳಗೆ ಒತ್ತೊತ್ತಾಗಿ ನಿಂತು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸುತ್ತವೆ. ಅವುಗಳ ನಡುವೆ ಒಂದು ಚೊಂಬು ಇಡಲೂ ಜಾಗವಿರುವುದಿಲ್ಲ. ನಮ್ಮ ಕುರಿಗಳು ಆ ಬೇಸಗೆಯಲ್ಲಿ ಹುಣಸೆಮರದ ಕೆಳಗೆ ದುಂಡಗೆ ನಿಲ್ಲುತ್ತಿದ್ದವು. ನಡುವೆ ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಜಾಗ ಖಾಲಿ. ಎಲ್ಲವುಗಳ ಮುಖವೂ ಆ ಖಾಲಿಯ ಕಡೆಗೆ. ನಾನು ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ನೋಡುತ್ತಾ ನಿಂತು, ತಿನ್ನುವುದನ್ನು ಮರೆಯುತ್ತಿದ್ದೆ.

ಬೀರ ಚಿಕ್ಕಪ್ಪ ಮುಂದೆ ನಡೆದರೆ ಒಂದು ಕುರಿಯೂ ಏಳುತ್ತಿರಲಿಲ್ಲ. ಅವನು ಕೂಗಿ, ಸಿಳ್ಳೆ ಹಾಕಿ, ಕೊನೆಗೆ ಬೈದು ಸುಸ್ತಾಗಿ ಬೇಲಿಗೊರಗಿದ ಮೇಲೆ ಅವು ತಾವಾಗಿ ಎದ್ದು, ಯಾರೋ ಮುಂದಿರುವಂತೆ ಸಾಲಾಗಿ ಹೊರಡುತ್ತಿದ್ದವು. ಚಿಕ್ಕಪ್ಪ ಹಿಂದೆ ಹೋಗುತ್ತಿದ್ದ. ಹೆಸರಿಗೆ ಅವನು ಕುರುಬ. ನಿಜದಲ್ಲಿ ಕುರಿಗಳೇ ಅವನನ್ನು ಮೇಯಿಸಿಕೊಂಡು ಬರುತ್ತಿದ್ದವು.

"ನನ್ ಕೈಲಾಗಲ್ಲ ಕಣವ್ವಾ. ಕುರೀನ ಪಾಲಮಲೆ ನೆಂಟ್ರಿಗೆ ಕೊಟ್ಬುಡು. ನಾನೂ ಅಣ್ಣನ್ ಜತೆ ಏರ್ಕಾಡಿಗೆ ಓಯ್ತೀನಿ. ಕಾಪಿ ಗಿಡ ಆದ್ರೂ ನಿಂತಿದ್ ಕಡೆ ನಿಂತಿರ್ತೈತೆ." ನನ್ನಪ್ಪ ಏರ್ಕಾಡಿನ ತೋಟದಲ್ಲಿ ಕೆಲಸಕ್ಕಿದ್ದ.

"ಕುರೀದಲ್ಲ ಕಣ್ಲಾ ಚಿಂತೆ," ಎಂದಳು ಅಜ್ಜಿ. "ಸಾಯೋ ಗಂಟ ಬಿಸ್ಲಲ್ ಅಲೆದ. ಸತ್ ಮ್ಯಾಲೂ ಅಲೀಬೇಕಾ ಆ ಮನುಸ? ಒಂದ್ ಕಡೆ ಕುಂತ್ಕಳಾದ್ ಯಾವಾಗ?"

ಅಜ್ಜಿಗೆ ಬೇಕಾಗಿದ್ದುದು ಇಷ್ಟೇ. ತಾತನಿಗೆ ಕೆಲಸದಿಂದ ಬಿಡುಗಡೆ.

ಬೇಸಗೆ ರಜೆಯ ನಡುವೆ ನಮ್ಮ ಹಟ್ಟಿಗೆ ಸಿನಿಮಾ ಬಂತು. ಒಂದು ವ್ಯಾನು, ಒಂದು ಕ್ಯಾಮೆರಾ, ಒಂದು ಕೊಡೆ, ಒಬ್ಬ ಡೈರೆಕ್ಟರ್, ಇಬ್ಬರು ಹಾಸ್ಯನಟರು ಮತ್ತು ಒಂದು ದೆವ್ವ. ಕಥೆಯನ್ನು ಡೈರೆಕ್ಟರೇ ನಮಗೆ ತಮಿಳಿನಲ್ಲಿ ಹೇಳಿದ: ಇಬ್ಬರು ಕಳ್ಳರು ಹಳ್ಳಿಯೊಂದಕ್ಕೆ ಬಂದು ಅವಿತುಕೊಳ್ಳುತ್ತಾರೆ, ಆ ಹಳ್ಳಿಯ ದೆವ್ವ ಅವರನ್ನು ಹೆದರಿಸುತ್ತದೆ, ಜನ ನಗಬೇಕು. ಅವನಿಗೆ ಜನರೇಟರು, ದೀಪ ಹೊಂದಿಸುವ ತಾಕತ್ತಿರಲಿಲ್ಲ. ಆದ್ದರಿಂದ ರಾತ್ರಿಯ ದೃಶ್ಯಗಳನ್ನೆಲ್ಲ ನಡುಮಧ್ಯಾಹ್ನ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕತ್ತಲೆ ಮಾಡಿಕೊಳ್ಳುವವನಿದ್ದ. ದೆವ್ವ ನಡುಮಧ್ಯಾಹ್ನ ಓಡಾಡುತ್ತದೆ ಎಂದು ಕೇಳಿ ಅಜ್ಜಿ ತಲೆದೂಗಿದಳು. ಸಿನಿಮಾದವರಿಗೂ ಒಂದಿಷ್ಟು ತಿಳುವಳಿಕೆ ಇದೆಯೆಂದು ಅವಳಿಗೆ ಮೊದಲ ಬಾರಿಗೆ ಅನ್ನಿಸಿತು.

ದೆವ್ವದ ಹೆಸರು ನಾಗರಾಜ. ಸೇಲಂನ ನೇಕಾರರ ಮನೆಯವನು. ಉದ್ದಕ್ಕೆ, ತೆಳ್ಳಗೆ, ಗಾಳಿಗೆ ಬಾಗುವ ಜೋಳದ ದಂಟಿನಂಥ ಆಳು. ಮುಖಕ್ಕೆ ಬಿಳಿ ಪೌಡರು, ಮೈಗೆ ಬಿಳಿ ಬೆಡ್‌ಶೀಟು. ಮೊದಲ ದಿನ ಆ ವೇಷದಲ್ಲಿ ಅವನು ಬಯಲಿನಲ್ಲಿ ನಿಂತಾಗ, ಯಾರೋ ಬಟ್ಟೆ ಒಣಗಿಸಿ ಮರೆತು ಹೋದಂತೆ ಕಾಣುತ್ತಿತ್ತು. ನಾವು ಮಕ್ಕಳು ಅವನ ಹಿಂದೆ ಮುಂದೆ ಓಡಾಡಿದೆವು. ಒಂದು ಕರು ಬಂದು ಬೆಡ್‌ಶೀಟಿನ ಅಂಚು ಚೀಪಿತು. ಡೈರೆಕ್ಟರ್ ಕೊಡೆಯ ಕೆಳಗೆ ತಲೆಯ ಮೇಲೆ ಕೈಹೊತ್ತು ಕೂತ.

ಊಟ ನಮ್ಮ ಮನೆಯಲ್ಲೇ ಆಗಬೇಕೆಂದು ಅಜ್ಜಿ ಹೇಳಿದ್ದಳು. ರಾಗಿಮುದ್ದೆ, ಹುರುಳಿಸಾರು. ದೆವ್ವ ಪೌಡರು ಕೆಡದಂತೆ ಬಾಯನ್ನು ಮೀನಿನ ಹಾಗೆ ತೆರೆದು ಮುದ್ದೆ ನುಂಗುತ್ತಿತ್ತು. ಖಾರ ಹತ್ತಿ, "ಅಯ್ಯೋ, ನೀರು ಕೊಡವ್ವಾ," ಎಂದುಬಿಟ್ಟಿತು.

ಅಜ್ಜಿ ಚೊಂಬು ಹಿಡಿದುಕೊಂಡೇ ನಿಂತಳು. "ನಮ್ ಮಾತ್ ಆಡ್ತೀಯಲ್ಲಲಾ ನೀನು."

"ನಮ್ ಮನೇಲಿ ಮಗ್ಗದ್ ಹತ್ರ ಕನ್ನಡ ಅಜ್ಜಿ, ಬೀದೀಲಿ ತಮಿಳು. ನಮ್ಮಪ್ಪ ನೂಲ್ ಹರಿದ್ರೆ ಕನ್ನಡ್ದಾಗೇ ಬಯ್ಯೋದು."

"ಕುರಿ ಸಾಕಿದ್ರಾ ನಿಮ್ಮೋರು ಯಾರಾದ್ರೂ?"

"ಮನೇಲಿ ಬೆಕ್ಕೂ ಇಲ್ಲ. ನೂಲೆಲ್ಲ ಗೋಜಲ್ ಮಾಡ್ತೈತೆ."

"ಇಲ್ಗೆ ಎಂಗ್ ಬಂದೆ? ಗಾಡೀಲಾ?"

"ವ್ಯಾನಲ್ಲಿ ಜಾಗ ಎಲ್ಲೈತೆ? ಬಸ್ಸಿಳ್ದು ತೋಪಿನಾಗೆ ನಡ್ಕಂಡೇ ಬಂದೆ."

ಅಜ್ಜಿ ಸಾರು ಬಡಿಸುವ ಸೌಟನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಆಗ ಕಂಡದ್ದನ್ನು ನಾನು ಆಮೇಲೆ ಒಂದೇ ಕಡೆ ನೋಡಿದ್ದೇನೆ, ಹೆಣ್ಣಿಗೆ ಒಳ್ಳೆಯ ಸಂಬಂಧ ಕೂಡಿಬಂತೆಂದು ಗೊತ್ತಾದ ತಾಯಂದಿರಲ್ಲಿ. ಅಷ್ಟರಲ್ಲಿ ಡೈರೆಕ್ಟರ್ ಕೈ ತೊಳೆಯಲು ಎದ್ದವನು ಗೂಟದ ಮೇಲಿನ ಕಂಬಳಿಯನ್ನು ಕಂಡ. ಹತ್ತಿರ ಹೋಗಿ ಮೂಸಿ, ಒಂದು ಹೆಜ್ಜೆ ಹಿಂದೆ ಸರಿದು, "ಪಾಟ್ಟಿ, ಇದು ದಾನ್ ಪೇಯ್," ಎಂದ. ಅಜ್ಜೀ, ಇದೇ ನಿಜವಾದ ದೆವ್ವ ಎಂದು. ತಾನು ಎಷ್ಟು ಸರಿಯಾಗಿ ಹೇಳಿದನೆಂದು ಅವನಿಗೆ ತಿಳಿಯಲಿಲ್ಲ.

ಕಂಬಳಿ ದೆವ್ವದ ವೇಷಕ್ಕೆ ಬೇಕು ಎಂದು ಅವನು ಕೇಳಿದ. ಕೊನೆಯ ದೃಶ್ಯದಲ್ಲಿ ದೆವ್ವ ಹಳ್ಳಿ ಬಿಟ್ಟು ಹೋಗುತ್ತದೆ. ಹುಣಸೆಮರದಿಂದ ಹೊರಟು ಎಲ್ಲೆಗಲ್ಲಿನ ಕಡೆಗೆ ನಡೆದು ಮರೆಯಾಗುತ್ತದೆ. ಅಜ್ಜಿ ನಾಗರಾಜನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದಳು. ತಾತನ ವಿಷಯವಾದ್ದರಿಂದ ಕನ್ನಡದಲ್ಲೇ. ಕಂಬಳಿ ಯಾರದು, ಹೊದ್ದು ಎಲ್ಲಿಯವರೆಗೆ ಹೋಗಬೇಕು, ಏನು ಮಾಡಬಾರದು. ಕಲ್ಲು ದಾಟಿದ ಮೇಲೆ ಕಂಬಳಿ ಅವನದೇ. ನಾಗರಾಜ ಮುದ್ದೆಯ ಕೈ ಒಣಗುವವರೆಗೂ ಕೇಳಿ, "ಆಗ್ಲಿ ಅಜ್ಜಿ, ನಡ್ಕಂಡ್ ಓಗೋದೇ ತಾನೆ," ಎಂದ.

ಇಲ್ಲಿ ನಡೆದ ತಪ್ಪು ನಮ್ಮಂಥವರು ಮಾತ್ರ ಮಾಡುವಂಥದು. ನಮ್ಮಲ್ಲಿ ಒಬ್ಬ ನಡೆದು ಹೋದ ಎಂದರೆ ಹೋದ. ಅದೇ ದಾರಿಯಲ್ಲಿ ಅದೇ ಮನುಷ್ಯ ಅದೇ ನಡಿಗೆಯನ್ನು ಮತ್ತೆ ಮತ್ತೆ ನಡೆಯುವ ಕಸುಬೊಂದು ಲೋಕದಲ್ಲಿದೆ ಎಂದು ಅಜ್ಜಿಗೆ ಹೇಗೆ ಗೊತ್ತಾಗಬೇಕು?

ಮರುದಿನ ಮಧ್ಯಾಹ್ನ ಅವಳು ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆಯುಟ್ಟು, ಕ್ಯಾಮೆರಾದ ಪಕ್ಕ ಒಂದು ಹೆಜ್ಜೆ ಹಿಂದೆ ನಿಂತಳು. ಒಂದು ಕೈ ನನ್ನ ಹೆಗಲ ಮೇಲೆ. ಹಟ್ಟಿಯ ಹೆಂಗಸರೆಲ್ಲ ಸಾವಿನ ಮನೆಗೆ ಬಂದವರಂತೆ ಸೆರಗು ಹೊದ್ದು ದೂರದಲ್ಲಿ ಕೂತರು. ಸಿನಿಮಾದವರು ನಮ್ಮ ಶಿಸ್ತನ್ನು ಕಂಡು ಬೆರಗಾದರು. ಚಿತ್ರೀಕರಣವೊಂದರಲ್ಲಿ ಇಂಥ ಮೌನವನ್ನು ತಾನು ನೋಡೇ ಇಲ್ಲವೆಂದು ಡೈರೆಕ್ಟರ್ ಹೊಗಳಿದ. ಕುರಿಗಳನ್ನು ಚಿಕ್ಕಪ್ಪ ರೊಪ್ಪದಲ್ಲಿ ಕೂಡಿ, ಮುಳ್ಳಿನ ಬಾಗಿಲು ಎಳೆದು ಕಾವಲು ನಿಂತಿದ್ದ.

ನಾಗರಾಜ ಕಂಬಳಿ ಹೊದ್ದು ಮರದ ಬುಡದಿಂದ ಹೊರಟ. ನಾಗರಾಜನಿಗಿಂತ ತಾತ ಒಂದು ಗೇಣು ಗಿಡ್ಡ. ಆದರೆ ಕಂಬಳಿಗೆ ಅದರದೇ ನಡಿಗೆಯಿತ್ತು. ಬಲಗಡೆಗೆ ಸ್ವಲ್ಪ ತೂಗಿ, ನಿಂತು, ಮತ್ತೆ ತೂಗಿ. ಅವನು ನಡೆದ, ಕಲ್ಲು ದಾಟಿದ. ಅಜ್ಜಿ ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಸರ್ರನೆ ತಿರುಗಿ, ಕ್ಯಾಮೆರಾ ಕಡೆಗೆ ಹಲ್ಲು ಕಿರಿದು ಕೈ ಬೀಸಿದ.

"ಕಟ್," ಎಂದ ಡೈರೆಕ್ಟರ್.

"ತಿರುಗ್ಬುಟ್ಟ," ಎಂದಳು ಅಜ್ಜಿ, ಯಾರಿಗೂ ಅಲ್ಲ. ಅವಳ ಬೆರಳುಗಳು ನನ್ನ ಹೆಗಲಿಗೆ ನಾಟಿದವು. ರೊಪ್ಪದಲ್ಲಿ ಮಲಗಿದ್ದ ಕುರಿಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಒಂದೂ ಅರಚಲಿಲ್ಲ. ಎದ್ದು ನಿಂತವು, ಅಷ್ಟೆ.

ನಾಗರಾಜ ಕಂಬಳಿ ಹೊದ್ದುಕೊಂಡೇ ಕಲ್ಲು ದಾಟಿ ವಾಪಸು ಬಂದ. ಅಜ್ಜಿಯ ಕಣ್ಣು ತಪ್ಪಿಸುತ್ತಾ, "ನಂಗೂ ಈಗ್ಲೇ ಹೇಳಿದ್ದು ಅಜ್ಜಿ. ಕೊನೇಲಿ ತಿರುಗಿ ಎದ್ರಿಸ್ಬೇಕಂತೆ. ಅದಿಲ್ದಿದ್ರೆ ಜನ ನಗಲ್ವಂತೆ," ಎಂದ.

"ಎಲ್ಗಾ ಬಂದೆ ನೀನು? ಹೋದೋನು ಓಗ್ಬೇಕಪ್ಪಾ."

"ಇನ್ನೊಂದ್ ಟೇಕ್ ಅಂತೆ."

ಟೇಕ್ ಎಂದರೇನೆಂದು ಆ ಹೊತ್ತಿನಲ್ಲಿ ನಮ್ಮ ಹಟ್ಟಿ ಕಲಿಯಿತು. ಎರಡನೆಯ ಸಲವೂ ಅವನು ಹೋಗಿ, ತಿರುಗಿ, ಹಲ್ಲು ಕಿರಿದು, ಬಂದ. ಅಜ್ಜಿ ತಿಂಗಳುಗಟ್ಟಲೆ ಕಾದು ಕಳಿಸಿದ ಗಂಡ ಹೋದ ಹಾಗೆ ಮಾಡಿ ಹೋದ ಹಾಗೆ ಮಾಡಿ ಬರುತ್ತಿದ್ದ. ಕುರಿಗಳು ಈಗ ಬಾಗಿಲಿಗೆ ಒತ್ತಿಕೊಂಡಿದ್ದವು. ಚಿಕ್ಕಪ್ಪ ಬೆನ್ನು ಕೊಟ್ಟು ತಡೆಯುತ್ತಿದ್ದ. "ಅವ್ವಾ, ಇವು ಮೈಮ್ಯಾಲ್ ಬತ್ತಾವೆ," ಎಂದು ಅವನು ಕೂಗಿದ್ದು ಅಳುವ ದನಿಯಲ್ಲಿತ್ತು.

ಮೂರನೆಯ ಸಲ ನಾಗರಾಜ ಅರ್ಧ ದಾರಿ ಹೋಗಿದ್ದ. ಮುಳ್ಳಿನ ಬಾಗಿಲು ಬಿತ್ತು. ಬಾಗಿಲು ಬಿದ್ದ ಸದ್ದು ಕೇಳಿತು, ಕುರಿಗಳ ಸದ್ದು ಕೇಳಲಿಲ್ಲ. ಬಿಟ್ಟರೆ ಅಡ್ಡಾದಿಡ್ಡಿ ನುಗ್ಗುವ ಪ್ರಾಣಿಗಳು ಸಾಲಾಗಿ, ತಲೆ ತಗ್ಗಿಸಿ, ಬಿಸಿಲಿನ ನಡುವೆ ನೆರಳಿಲ್ಲದೆ ಹರಿದು ಹೋಗಿ ಅವನ ಬೆನ್ನ ಹಿಂದೆ ನಿಂತವು. ಅವನೂ ನಿಂತ. ಗಾಳಿಯಿರಲಿಲ್ಲ. ಎಲ್ಲಿಯೂ ಒಂದು ಎಲೆ ಅಲ್ಲಾಡಲಿಲ್ಲ. ಕಂಬಳಿಯ ಅಂಚು ಮಾತ್ರ ಸಣ್ಣಗೆ ನಡುಗುತ್ತಿತ್ತು.

ಡೈರೆಕ್ಟರಿಗೆ ಪರಮಾನಂದವಾಯಿತು. ಕ್ಯಾಮೆರಾ ನಿಲ್ಲಿಸಬೇಡವೆಂದು ಸನ್ನೆ ಮಾಡಿದ. ಕುರಿಗಳನ್ನು ಹೀಗೆ ನಡೆಸಲು ಬೇರೆಯವರು ಎಷ್ಟು ಕಷ್ಟಪಡುತ್ತಾರೆ, ಇಲ್ಲಿ ಅವು ತಾವಾಗಿ ಬಂದು ನಿಂತಿವೆ ಎಂದು ಪಿಸುಗುಟ್ಟಿದ.

"ಅಜ್ಜಿ," ಎಂದು ಅಲ್ಲಿಂದಲೇ ನಾಗರಾಜ ಕರೆದ. ತಿರುಗದೆ ಕರೆದ. "ಮೊದಲ್ನೇ ಸಲ ಹಗುರ ಇತ್ತು. ಈಗ ಎಳೀತಾ ಐತೆ. ಹಿಂದೆ ಯಾರೋ ಹಿಡ್ಕಂಡಂಗೈತೆ ಅಜ್ಜಿ."

ಅಜ್ಜಿ ನನ್ನ ಹೆಗಲು ಬಿಟ್ಟು ಹೊರಟಳು. ಕ್ಯಾಮೆರಾದ ಮುಂದೆ ಯಾರೂ ಹೋಗಬಾರದು ಎಂದು ಬೆಳಗಿನಿಂದ ನಮ್ಮನ್ನೆಲ್ಲ ಗದರಿಸುತ್ತಿದ್ದ ಡೈರೆಕ್ಟರ್ ಅವಳನ್ನು ಗದರಿಸಲಿಲ್ಲ. ಅವಳು ಕುರಿಗಳ ನಡುವೆ ನಡೆದು ಅವನ ಹಿಂದೆ ನಿಂತು, ಕಂಬಳಿಯ ಬೆನ್ನಿನ ಮೇಲೆ ಕೈಯಿಟ್ಟಳು. ನಾಗರಾಜನ ಜೊತೆ ಮಾತಾಡಲಿಲ್ಲ. ಕಂಬಳಿಯ ಜೊತೆ ಮಾತಾಡಿದಳು. ಬೇಸಗೆಯ ಆ ಮೌನದಲ್ಲಿ ಅವಳ ಪ್ರತಿ ಮಾತೂ ನಮಗೆ ಕೇಳುತ್ತಿತ್ತು.

"ಸಾಕು, ಓಗು. ಕುರೀನ ಬೀರ ನೋಡ್ಕತಾನೆ. ಅಂವುಂಗೆ ನಿನ್ನಷ್ಟ್ ಬರಕಿಲ್ಲ, ಬ್ಯಾಡ, ನಿಂಗೂ ಮೊದ್ಲು ಬತ್ತಿರ್ಲಿಲ್ಲ, ನಾ ನೋಡಿಲ್ವಾ? ಕಾಲ್ ನೋಯ್ತಾವೆ ಅಂತಿದ್ದೆ. ಓಗಿ ಕುಂತ್ಕೋ. ಹಿಂದಕ್ ನೋಡ್ಬ್ಯಾಡ. ಏನೈತೆ ಇಲ್ಲಿ ನೋಡಾಕೆ? ನಾನೇ ತಾನೆ. ಒಂದ್ ಆಯುಸ್ಸು ನೋಡಿದ್ದೀಯ."

ಅವಳು ಕೈ ತೆಗೆದಳು. ಬಂದು ಮತ್ತೆ ನನ್ನ ಪಕ್ಕದಲ್ಲಿ ನಿಂತು, "ಊಂ, ನಡೀಲಾ," ಎಂದಳು. ಅದು ನಾಗರಾಜನಿಗೆ.

ಅವನು ನಡೆದ. ಕುರಿಗಳೂ ನಡೆದವು. ಎಲ್ಲೆಗಲ್ಲಿನ ಹತ್ತಿರ ಚಿಕ್ಕಪ್ಪ ಒಮ್ಮೆ ಕೂಗಿದ. ಅವನದೇ ಕೂಗು, ಒಡಕು, ಹೆದರಿದ್ದು. ಮುಂದಿದ್ದ ಮುದಿ ಕುರಿ ನಿಂತು, ಅವನ ಕಡೆಗೆ ಕಿವಿ ತಿರುಗಿಸಿತು. ಉಳಿದವೂ ನಿಂತವು. ಕಂಬಳಿ ಮಾತ್ರ ಕಲ್ಲು ದಾಟಿ ಮುಂದೆ ಹೋಯಿತು.

"ತಿರುಂಬು," ಎಂದ ಡೈರೆಕ್ಟರ್. "ನಾಗರಾಜ್, ತಿರುಂಬುಪ್ಪಾ." ಆಮೇಲೆ ಕೈಯಲ್ಲಿದ್ದ ಕೊಡೆ ಬಿಸಾಡಿ ಒದರಿದ. ಕಂಬಳಿ ಕೇಳಿಸಿಕೊಳ್ಳಲಿಲ್ಲ. ಬಲಕ್ಕೆ ತೂಗಿ, ನಿಂತು, ಮತ್ತೆ ತೂಗಿ, ಮಾವಿನ ತೋಪಿನ ನೆರಳಿನೊಳಗೆ ಹೋಗಿ ಕರಗಿತು.

ನಾಗರಾಜ ವಾಪಸು ಬರಲಿಲ್ಲ. ತೋಪು ದಾಟಿ, ರಸ್ತೆಗೆ ಹೋಗಿ, ಪೌಡರು ಮೆತ್ತಿದ ಮುಖದಲ್ಲೇ ಬಸ್ಸು ಹತ್ತಿದನಂತೆ. ಪಾಲಕೋಡಿನವರೆಗೆ ಅವನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲವಂತೆ. ಬಸ್ಸಿಗೂ ಕನ್ನಡಿ ಇದೆಯಲ್ಲ ಎಂದು ನಾನು ತಕರಾರು ತೆಗೆದೆ. ಅದು ಡ್ರೈವರನದು, ಅಷ್ಟರಲ್ಲಿ ಎಲ್ಲೆಯೂ ದಾಟಿತ್ತು ಎಂದು ಅಜ್ಜಿ ತಳ್ಳಿಹಾಕಿದಳು. ದೆವ್ವವೇ ಊರು ಬಿಟ್ಟ ಮೇಲೆ ಸಿನಿಮಾ ಉಳಿಯುವುದುಂಟೆ? ಅವನ ಪ್ಯಾಂಟು, ಚಪ್ಪಲಿಗಳನ್ನು ವ್ಯಾನಿಗೆ ಹಾಕಿಕೊಂಡು ಅವರೂ ಸಂಜೆಗೆ ಹೊರಟರು.

ಮರುದಿನ ಮಧ್ಯಾಹ್ನ ಕುರಿಗಳು ಹುಣಸೆಮರದ ಕೆಳಗೆ ಒತ್ತಾಗಿ ನಿಂತವು. ನಡುವೆ ಜಾಗವಿರಲಿಲ್ಲ. ನಾನು ಬಗ್ಗಿ ನೋಡಿದೆ, ಕಾಲುಗಳೇ ಕಾಲುಗಳು. ಚಿಕ್ಕಪ್ಪ ಎದ್ದರೆ ಅವೂ ಎದ್ದವು. ಏರ್ಕಾಡಿನ ಮಾತು ಮತ್ತೆ ಬರಲಿಲ್ಲ. ಅಜ್ಜಿ ಆ ರಾತ್ರಿ ಗೋಡೆಗೆ ಮುಖ ಮಾಡಿ ಮಲಗಿ, ಬೆಳಗಾಗುವವರೆಗೆ ಏಳಲಿಲ್ಲ. ತಾತ ಸತ್ತ ಮೇಲೆ ಅವಳು ಅಷ್ಟು ಉದ್ದ ಮಲಗಿದ್ದು ಅದೇ ಮೊದಲು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಸಿನಿಮಾ ಪಾಲಕೋಡಿನ ಟಾಕೀಸಿಗೆ ಬಂತು. ಹಟ್ಟಿಗೆ ಹಟ್ಟಿಯೇ ಟ್ರ್ಯಾಕ್ಟರಿನಲ್ಲಿ ಹೋಯಿತು. ಅಜ್ಜಿ ತನ್ನ ಜೀವನದಲ್ಲಿ ಅದೊಂದೇ ಸಿನಿಮಾ ನೋಡಿದ್ದು. ಕಡಲೆಕಾಯಿ ಸುಲಿದುಕೊಂಡು, ಕಳ್ಳರಿಬ್ಬರು ಬಿದ್ದರೆ ಜನ ಯಾಕೆ ನಗುತ್ತಾರೆಂದು ನನ್ನನ್ನು ಕೇಳಿಕೊಂಡು, ಕೊನೆಯವರೆಗೆ ಕೂತಳು.

ಕೊನೆಯ ದೃಶ್ಯ ಬಂತು. ನಮ್ಮ ಮಧ್ಯಾಹ್ನವನ್ನು ಅವರು ನೀಲಿ ರಾತ್ರಿ ಮಾಡಿದ್ದರು. ಬೆಳಕು ಎಲ್ಲಿಂದಲೂ ಬರದಂಥ, ನೆರಳೇ ಇಲ್ಲದಂಥ ರಾತ್ರಿ. ನಮ್ಮ ಹುಣಸೆಮರ, ನಮ್ಮ ಕಲ್ಲು. ಕಂಬಳಿ ಹೊದ್ದವನು ನಡೆಯುತ್ತಾನೆ. ಹಿಂದೆ ಕುರಿಗಳು, ಚಲಿಸುವ ಬಂಡೆಗಳ ಹಾಗೆ. ಕುರಿಗಳು ಕಲ್ಲಿನ ಹತ್ತಿರ ನಿಂತವು. ಅವನು ದಾಟಿದ. ನಾನು ಅಜ್ಜಿಯ ಕೈ ಹಿಡಿದುಕೊಂಡು, ಈಗ ಮುಗಿಯುತ್ತದೆ ಎಂದುಕೊಂಡೆ.

ಅವನು ನಿಂತ. ನಿಧಾನವಾಗಿ ತಿರುಗಿ ನೋಡಿದ.

ಟಾಕೀಸಿನಲ್ಲಿ ನಗು ಎದ್ದಿತು, ಏಕೆಂದರೆ ಆ ಹೊತ್ತಿಗೆ ಕಳ್ಳರಿಬ್ಬರೂ ಮೂರ್ಛೆ ಬೀಳುತ್ತಾರೆ. ನಮ್ಮ ಸಾಲಿನಲ್ಲಿ ಯಾರೂ ನಗಲಿಲ್ಲ. ಕಡಲೆಕಾಯಿ ಸುಲಿಯುವ ಸದ್ದು ನಿಂತುಹೋಯಿತು. ನಾಗರಾಜ ತಿರುಗಿದ್ದು ಮೊದಲ ಎರಡು ಸಲ. ಆಗ ಕುರಿಗಳು ರೊಪ್ಪದಲ್ಲಿದ್ದವು. ಕುರಿಗಳು ಹಿಂದಿದ್ದಾಗ ಅವನು ತಿರುಗಲಿಲ್ಲ. ತಿರುಗು ಎಂದು ಡೈರೆಕ್ಟರ್ ಗಂಟಲು ಹರಿದುಕೊಂಡದ್ದನ್ನು ನಾವೆಲ್ಲ ಕೇಳಿದ್ದೇವೆ. ತೆರೆಯ ಮೇಲೆ ಅವನು ಕುರಿಗಳ ಆಚೆ ನಿಂತು ತಿರುಗಿ ನೋಡುತ್ತಿದ್ದ. ಪೌಡರಿರಲಿಲ್ಲ. ಹಲ್ಲು ಕಿರಿಯಲಿಲ್ಲ. ಕೊಪ್ಪೆಯೊಳಗೆ ಕತ್ತಲೆಯಿತ್ತು. ಆ ಕತ್ತಲೆ ಸುಮ್ಮನೆ, ಸಮಾಧಾನವಾಗಿ, ನೋಡಬೇಕಾದ್ದನ್ನು ನೋಡಿಕೊಂಡು, ಹೊರಟಿತು.

ಅಜ್ಜಿ ನನ್ನ ಕೈ ಬಿಡಿಸಿಕೊಂಡು, ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಹೇಳಿದ್ ಮಾತು ಎಂದ್ ಕೇಳ್ದ," ಎಂದಳು. ಹಾಗಾದರೆ ತಾತ ಹೋದನೋ ಉಳಿದನೋ ಎಂದು ದಾರಿಯುದ್ದಕ್ಕೂ ಟ್ರ್ಯಾಕ್ಟರಿನಲ್ಲಿ ವಾದ ನಡೆಯಿತು. ಕುರಿಗಳು ಒಪ್ಪಿಕೊಂಡ ಮೇಲೆ ಹೋದ ಹಾಗೆ ಎಂದು ಕೆಲವರು. ತಿರುಗಿ ನೋಡಿದ ಮೇಲೆ ಉಳಿದ ಹಾಗೆಯೇ ಎಂದು ಕೆಲವರು. ಅಜ್ಜಿ ತನ್ನ ಅಭಿಪ್ರಾಯವನ್ನು ಸಾಯುವವರೆಗೂ ಕೊಡಲಿಲ್ಲ.

ಎರಡು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಂಟಿಸಿರುತ್ತಾರೆ ಎಂದು ಆಮೇಲೆ ಓದಿಕೊಂಡವರು ಹೇಳಿದರು. ಇರಬಹುದು. ಸೇಲಂನಲ್ಲಿ ಒಮ್ಮೆ ನಾಗರಾಜನೇ ಸಿಕ್ಕಿದ್ದ, ತಲೆ ನರೆತಿತ್ತು. ನಾನು ಕೇಳುವ ಮೊದಲೇ, "ನಾ ತಿರುಗ್ಲಿಲ್ಲ ತಾಯಿ," ಎಂದ.

ಈಗ ರೊಪ್ಪವಿದ್ದ ಕಡೆ ಟೊಮ್ಯಾಟೊ ಇದೆ, ಸಾಲಿನುದ್ದಕ್ಕೂ ಹೊಳೆಯುವ ಪ್ಲಾಸ್ಟಿಕ್ ಹಾಳೆ ಹಾಸಿ. ಚಿಕ್ಕಪ್ಪ ಮಂಡಿ ನೋವೆಂದು ಕುರಿಗಳನ್ನು ಬಿಟ್ಟ. ಹುಣಸೆಮರವನ್ನು ರಸ್ತೆ ಅಗಲ ಮಾಡುವವರು ಕಡಿದರು. ಎಲ್ಲೆಗಲ್ಲು ಎಲ್ಲಿತ್ತೆಂದು ಕೇಳಿದರೆ ಹುಡುಗರು ಬೇರೆ ಬೇರೆ ಕಡೆ ಬೆರಳು ತೋರಿಸುತ್ತಾರೆ. ಪಾಲಕೋಡಿನಲ್ಲಿ ಹುಲಿಯ ಚಿತ್ರದ ಮೆತ್ತನೆಯ ಹೊದಿಕೆಗಳು ಸಿಗುತ್ತವೆ. ಹೊದ್ದವನು ಸತ್ತರೆ ಅದನ್ನು ಒಗೆದು ಮಡಚಿಡುತ್ತಾರೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮಕ್ಕಳು ತಮಿಳಿನಲ್ಲಿ ಉತ್ತರಿಸುತ್ತಾರೆ. ಸತ್ತವರ ಜೊತೆ ಮಾತಾಡುವುದಿದ್ದರೆ ಇನ್ನು ಯಾರು ಆಡಬೇಕು, ತಿಳಿಯದು.

ಆ ಸಿನಿಮಾ ಈಗ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ನನ್ನ ಮಗಳು ಕಳ್ಳರಿಗಾಗಿ ಅದನ್ನು ಮತ್ತೆ ಮತ್ತೆ ಹಾಕುತ್ತಾಳೆ. ಮೊನ್ನೆ ಕೊನೆಯ ದೃಶ್ಯದಲ್ಲಿ ನಗುವುದನ್ನು ನಿಲ್ಲಿಸಿ, ಆ ಪೇಯ್ ಯಾರನ್ನು ನೋಡುತ್ತಿದೆ ಎಂದು ತಮಿಳಿನಲ್ಲಿ ಕೇಳಿದಳು. ಕ್ಯಾಮೆರಾ ಇಟ್ಟ ಜಾಗವನ್ನು ಎಂದೆ. ಅಲ್ಲಿ ಏನಿತ್ತು ಎಂದಳು. ಪಕ್ಕದಲ್ಲಿ ನಿನ್ನ ಮುತ್ತಜ್ಜಿ ನಿಂತಿದ್ದಳು, ಹೊಸ ಸೀರೆಯುಟ್ಟು, ಅವಳ ಕೈ ನನ್ನ ಹೆಗಲ ಮೇಲಿತ್ತು ಎಂದೆ. ಮಗಳು ಫೋನನ್ನು ತಿರುಗಿಸಿ ಹಿಂಬದಿಯನ್ನು ನೋಡಿ, ನಂಬಲಿಲ್ಲ.

ಅಲ್ಲಿ ನಿಂತಿದ್ದ ನಮ್ಮಿಬ್ಬರಲ್ಲಿ ಈಗ ನಾನೊಬ್ಬಳೇ ಇದ್ದೇನೆ. ಒಲೆಯ ಮೇಲೆ ಹಾಲಿಟ್ಟಿದ್ದರೂ ಆ ದೃಶ್ಯ ಬಂದಾಗ ನಾನು ಫೋನಿನ ಮುಂದಿನಿಂದ ಏಳುವುದಿಲ್ಲ. ಅವನು ತಿರುಗಿದಾಗ ಯಾರಾದರೊಬ್ಬರು ಇರಬೇಕಲ್ಲ.